ಫ್ರೀಜರ್‌ನಲ್ಲಿ ಕಸ

ಡಿಸೆಂಬರ್ 30, ಮಂಗಳವಾರ. ಎಚ್ಚರವಾದಾಗ ಎಂಟೂ ಮುಕ್ಕಾಲು. ಕಣ್ಣು ಬಿಟ್ಟ ಕೂಡಲೇ ನೆನಪಾಗಿದ್ದು ಕಸ. ಸ್ವೆಟರ್ ಕೂಡ ಹಾಕಿಕೊಳ್ಳದೆ, ಎರಡು ಕವರ್ ಹಿಡಿದು ಮೆಟ್ಟಿಲಿಳಿದು ಓಡಿದೆ. ಬೀದಿ ತಿರುವಿನಲ್ಲಿ ಕಸ ಇಡುವ ಜಾಗ ಗುಡಿಸಿಟ್ಟ ಹಾಗಿತ್ತು. ಕಾಗೆ ಕೆದಕದಂತೆ ಹೊದಿಸುವ ಬಲೆಯನ್ನು ಯಾರೋ ಆಗಲೇ ಮಡಿಸಿ ಗೋಡೆಗೆ ಒರಗಿಸಿದ್ದರು. ಗಾಡಿ ಬಂದು ಹೋಗಿತ್ತು.

ಒಂದು ಗಾಡಿ ತಪ್ಪಿದ್ದಕ್ಕೆ ಇಷ್ಟು ಗಾಬರಿಯಾ ಅಂತ ಕೇಳಬಹುದು. ಟೋಕಿಯೊದಲ್ಲಿ ಇದ್ದವರು ಕೇಳಲ್ಲ. ಅಡುಗೆಮನೆ ಕಸ ಇಲ್ಲಿ 'ಸುಡುವ ಕಸ'. ನಮ್ಮ ಬೀದಿಗೆ ಅದರ ಗಾಡಿ ಬರೋದು ಮಂಗಳವಾರ ಮತ್ತು ಶುಕ್ರವಾರ, ಎಂಟು ಗಂಟೆಯೊಳಗೆ ಇಟ್ಟಿರಬೇಕು. ವರ್ಷದ ಕೊನೆಗೆ ಗಾಡಿಯವರಿಗೂ ರಜೆ. ಶುಕ್ರವಾರ ಜನವರಿ 2, ಆವತ್ತು ಬರಲ್ಲ. ಇನ್ನು 6ನೇ ತಾರೀಖೇ. ಇದೇನು ನನಗೆ ಗೊತ್ತಿರಲಿಲ್ಲ ಅಂತಲ್ಲ. ವಾರ್ಡ್ ಆಫೀಸಿನ ಚೀಟಿಯನ್ನು ಹೆಂಡತಿ ಫ್ರಿಜ್ ಬಾಗಿಲಿಗೆ ಅಂಟಿಸಿ, 30ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಯೇ ಮಗಳ ಜೊತೆ ಮೈಸೂರಿಗೆ ವಿಮಾನ ಹತ್ತಿದ್ದಳು. ನಾನು ಹೋಗಿರಲಿಲ್ಲ. ಈ ಸಮಯಕ್ಕೆ ಟಿಕೆಟ್ ರೇಟು ಕೇಳೋ ಹಾಗಿಲ್ಲ, ಜೊತೆಗೆ ರಜೆಯಲ್ಲಿ ಸರ್ವರ್ ಕೆಟ್ಟರೆ ಎತ್ತಬೇಕಾದ ಫೋನು ನನ್ನ ಪಾಲಿಗೆ ಬಂದಿತ್ತು.

ಹೊರಗಿನವರಿಗೆ ಜಪಾನಿನ ವರ್ಷಾಂತ್ಯ ಅಂದರೆ ದೀಪ, ಕ್ರಿಸ್‌ಮಸ್ ಕೇಕು ಅನ್ನಿಸಬಹುದು. 25 ಇಲ್ಲಿ ಮಾಮೂಲಿ ಕೆಲಸದ ದಿನ. ನಿಜವಾದ ಹಬ್ಬ ಹೊಸವರ್ಷದ್ದು. ಸರ್ಕಾರಿ ಕಚೇರಿಗಳಿಗೆ 29ರಿಂದ ಜನವರಿ 3ರವರೆಗೆ ರಜೆ. ನಮ್ಮಂಥ ಕಂಪನಿಗಳೂ ಹೆಚ್ಚು ಕಮ್ಮಿ ಅದನ್ನೇ ಹಿಡಿಯುತ್ತವೆ. ಕೊನೆಯ ದಿನ ಆಫೀಸಿನಲ್ಲಿ ಎಲ್ಲರೂ ಮೇಜು ಒರೆಸಿ, ಬಗ್ಗಿ ಬಗ್ಗಿ 'ಯೋಯಿ ಓತೋಶಿ ಓ' ಅನ್ನುತ್ತಾರೆ. ಒಳ್ಳೇ ವರ್ಷ ಬರಲಿ ಅಂತ. ಆಮೇಲೆ ಮನೆಗೆ ಹೋಗಿ ಅಲ್ಲೂ ಒರೆಸುತ್ತಾರೆ. ಇದಕ್ಕೆ 'ಓಸೋಜಿ' ಅನ್ನುತ್ತಾರೆ, ದೊಡ್ಡ ಕ್ಲೀನಿಂಗ್. ಯುಗಾದಿಗೆ ಮುಂಚೆ ಅಮ್ಮ ಅಟ್ಟದ ಡಬ್ಬಿಗಳನ್ನೆಲ್ಲ ಅಂಗಳಕ್ಕೆ ಇಳಿಸುತ್ತಿದ್ದಳಲ್ಲ, ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಗಂಡಸರನ್ನೂ ಬಿಡಲ್ಲ.

ನಾನೂ ಎರಡು ದಿನ ಮಾಡಿದೆ. ಒಲೆ ಮೇಲಿನ ಹೊಗೆ ಎಳೆಯುವ ಫ್ಯಾನ್ ಬಿಚ್ಚಿ ಅಡುಗೆ ಸೋಡಾ ನೀರಿನಲ್ಲಿ ನೆನೆಹಾಕಿದೆ. ನಾಲ್ಕು ವರ್ಷದ ಒಗ್ಗರಣೆ ಅದರಲ್ಲಿ ಕೂತಿತ್ತು. ಜೇನಿನ ಬಣ್ಣ, ಅಂಟು, ನಡುನಡುವೆ ಅಲ್ಲಲ್ಲಿ ಒಂದೊಂದು ಸಾಸಿವೆ. ಫ್ರಿಜ್ ಖಾಲಿ ಮಾಡಿದೆ. ಬಾಡಿದ ಕೊತ್ತಂಬರಿ, ಹುಳಿ ಬಂದ ಸಾರು, ಯಾವತ್ತಿನದೋ ಗೊತ್ತಿಲ್ಲದ ಬದನೆಕಾಯಿ ಪಲ್ಯ. ಆ ಎರಡು ಕವರಿನಲ್ಲಿ ಇದ್ದದ್ದು ಇವೇ. ಕವರಿನ ಒಳಗಿರೋದು ಹೊರಗೆ ಕಾಣಬೇಕು ಅನ್ನೋದು ಇಲ್ಲಿನ ನಿಯಮ. ಹಾಗಾಗಿ ಇಡೀ ಬೀದಿಗೆ ನನ್ನ ಪಲ್ಯ ಕಾಣುತ್ತಿತ್ತು.

ಕವರ್ ಹಿಡಿದು ಪೆಚ್ಚಾಗಿ ವಾಪಸ್ ಬರುವಾಗ ಕೆಳಗಿನ ಮನೆ ಅಜ್ಜಿ ಬಾಗಿಲ ಮುಂದೆ ಎಲೆ ಗುಡಿಸುತ್ತಿದ್ದರು. ನಮ್ಮದು ಆರು ಮನೆಯ ಎರಡಂತಸ್ತಿನ ವಠಾರ. ಅಜ್ಜಿ ಅಂತ ನಾನು ಮನಸ್ಸಿನಲ್ಲಿ ಕರೆಯೋದು ಅಷ್ಟೇ. ನಮ್ಮೂರಲ್ಲಿ ಅಜ್ಜಿ ಅಂದರೆ ಕರಗುತ್ತಾರೆ, ಇಲ್ಲಿ ಪರಿಚಯದ ಹೆಂಗಸನ್ನು ಎದುರಿಗೆ ಹಾಗಂದರೆ ಮುಖ ಗಂಟಾಗುತ್ತೆ. ಹೆಸರಿಗೆ 'ಸಾನ್' ಸೇರಿಸಿ ಕರೆಯಬೇಕು.

ಅವರು ಕವರ್ ನೋಡಿದರು. ನನ್ನ ಮುಖ ನೋಡಿದರು. "ಆರಾ" ಅಂದರು. ನಮ್ಮ 'ಅಯ್ಯೋ'ಗೆ ಹತ್ತಿರದ್ದು. ಆಮೇಲೆ ಬಹಳ ಸಹಜವಾಗಿ, "ಫ್ರೀಜರ್‌ನಲ್ಲಿ ಇಡಿ" ಅಂದರು.

ನನಗೆ ಜಪಾನಿ ಭಾಷೆ ತಪ್ಪಿ ಕೇಳಿಸಿತೇನೋ ಅಂದುಕೊಂಡೆ. ಇಲ್ಲ. ಹಸಿ ಕಸವನ್ನು ಪೇಪರಿನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿದರೆ ಕೊಳೆಯಲ್ಲ, ವಾಸನೆ ಬರಲ್ಲ. ಗಾಡಿ ದಿನ ಗಟ್ಟಿಯಾಗಿದ್ದಾಗಲೇ ತಂದು ಇಟ್ಟರಾಯಿತು. ಮೀನಿನ ಮುಳ್ಳಿಗೆ ತಾವೂ ಇದನ್ನೇ ಮಾಡೋದು ಅಂದರು. ಸಸ್ಯಾಹಾರಿ ಮನೆಯ ಫ್ರೀಜರ್‌ಗೆ ಮೀನಿನ ಮುಳ್ಳಿನ ಉಪಾಯ. ಬೇರೆ ದಾರಿ ಇರಲಿಲ್ಲ. ಕಾಯಿತುರಿ ಡಬ್ಬಿ ಒಂದು ಕಡೆ ಸರಿಸಿ, ಕಸವನ್ನು ನಾಲ್ಕು ಸಣ್ಣ ಪೊಟ್ಟಣ ಮಾಡಿ ಒಳಗೆ ತುರುಕಿದೆ. ಮಡಿ ಮೈಲಿಗೆ ಅಂತೆಲ್ಲ ನಂಬುವವನಲ್ಲ ನಾನು. ಆದರೂ ಫ್ರೀಜರ್ ಬಾಗಿಲು ಹಾಕಿದ ಮೇಲೆ ಕೈ ಎರಡು ಸಲ ತೊಳೆದೆ.

ಸಂಜೆ ಸೂಪರ್‌ಮಾರ್ಕೆಟ್‌ಗೆ ಹೋದೆ. ಅಂಟಕ್ಕಿ ಬೇಯಿಸಿ ಕುಟ್ಟಿ ಮಾಡಿದ ಬಿಳಿ ಮೋಚಿಗಳು, ಕರಿ ಬಟಾಣಿಯಂಥ ಸಿಹಿ ಕಾಳು, ಮೂರು ಅಂತಸ್ತಿನ ಡಬ್ಬಿಯಲ್ಲಿ ಹೊಸವರ್ಷದ ಅಡುಗೆ. ಬಾಗಿಲಿಗೆ ಕಟ್ಟುವ 'ಶಿಮೆಕಜಾರಿ' ಅರ್ಧ ಬೆಲೆಗೆ ಬಂದಿತ್ತು. ಹುಲ್ಲಿನ ಹುರಿಯನ್ನು ಸುತ್ತಿ, ಬಿಳಿ ಕಾಗದ, ಒಂದು ಕಿತ್ತಳೆ ಸಿಕ್ಕಿಸಿರುತ್ತಾರೆ. ನಮ್ಮ ಮಾವಿನ ತೋರಣದ ದೂರದ ನೆಂಟ. ಇದನ್ನು 29ಕ್ಕೆ ಕಟ್ಟಬಾರದು. 9ಕ್ಕೆ ಜಪಾನಿಯಲ್ಲಿ 'ಕು' ಅನ್ನುತ್ತಾರೆ, ಕಷ್ಟಕ್ಕೂ 'ಕು' ಅನ್ನುತ್ತಾರೆ. 31ಕ್ಕೂ ಕಟ್ಟಬಾರದು, ಒಂದೇ ರಾತ್ರಿಯ ಅಲಂಕಾರ ಆಗಿಬಿಡುತ್ತೆ, ದೇವರಿಗೆ ಅವಮಾನ. 28 ಒಳ್ಳೇದು, ತಪ್ಪಿದರೆ 30. ಮಂಗಳವಾರ ಕೂದಲು ಕತ್ತರಿಸಬೇಡ ಅಂತ ಬೈಸಿಕೊಂಡು ಬೆಳೆದ ನನಗೆ ಈ ಲೆಕ್ಕ ಸಲೀಸಾಗಿ ಅರ್ಥವಾಗುತ್ತೆ.

ವಠಾರದಲ್ಲಿ ನಾಲ್ಕು ಬಾಗಿಲಿಗೆ ಆಗಲೇ ಕಟ್ಟಿದ್ದರು. ಇಲ್ಲದ್ದು ನಮ್ಮ ಮನೆಗೆ, ಅಜ್ಜಿ ಮನೆಗೆ. ಪಾಪ, ಸ್ಟೂಲ್ ಹತ್ತೋಕೆ ಆಗಿರಲ್ಲ ಅಂದುಕೊಂಡು ಎರಡು ತಂದೆ. ಬೆಲ್ ಒತ್ತಿ, ಕಟ್ಟಿಕೊಡ್ತೀನಿ ಅಂದೆ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ವರ್ಷ ನಮ್ಮಲ್ಲಿ ಮೋಚೂ" ಅಂದರು.

ಮೋಚೂ ಅಂದರೆ ಸಾವಿನ ಶೋಕದ ಅವಧಿ. ನಾನು ನಿಂತಲ್ಲೇ ಕುಗ್ಗಿದೆ. ಜೂನ್ ಮಳೆಯಲ್ಲಿ ಅವರ ಯಜಮಾನರು ತೀರಿಕೊಂಡಿದ್ದರು. ಆಂಬುಲೆನ್ಸ್ ಬಂದಿದ್ದು ನನಗೇ ಗೊತ್ತು, ಛತ್ರಿ ಹಿಡಿದು ರಸ್ತೆವರೆಗೂ ಹೋಗಿದ್ದೆ. ಆದರೂ ಹೊಳೆಯಲಿಲ್ಲ. ಸಾವಾದ ಮನೆಯಲ್ಲಿ ಆ ವರ್ಷ ಬಾಗಿಲಿಗೆ ಕಟ್ಟಲ್ಲ, ಹೊಸವರ್ಷದ ಕಾರ್ಡ್ ಕಳಿಸಲ್ಲ, 'ಓಮೆದೆತೋ' ಅಂತ ಶುಭಾಶಯ ಹೇಳಲ್ಲ, ಹೇಳಿಸಿಕೊಳ್ಳಲ್ಲ. ಡಿಸೆಂಬರ್ ಬರೋಕೆ ಮುಂಚೆಯೇ ನೆಂಟರಿಗೆಲ್ಲ ತಿಳಿ ಬಣ್ಣದ ಕಾರ್ಡ್ ಹಾಕಿ, ಈ ಸಲ ನಮಗೆ ಕಾರ್ಡ್ ಬೇಡ ಅಂತ ತಿಳಿಸಿರುತ್ತಾರೆ. ಆ ಕಾರ್ಡ್ ಮೇಲಿನ ಮನೆಗೆ ಬರಲ್ಲ ಅಲ್ವಾ.

"ನಮ್ಮೂರಲ್ಲೂ ಹೀಗೇ" ಅಂದೆ, ನನ್ನ ಮುರುಕು ಜಪಾನಿಯಲ್ಲಿ. ಒಂದು ವರ್ಷ ಹಬ್ಬ ಇಲ್ಲ, ಆ ಮನೆಯಲ್ಲಿ ಸಿಹಿ ಮಾಡಲ್ಲ. "ಹಾಗಾದ್ರೆ ಸಿಹಿ ತಿನ್ನೋ ಹಾಗೇ ಇಲ್ವಾ?" ಅಂತ ಅಜ್ಜಿ ಕೇಳಿದರು. "ಮಾಡೋ ಹಾಗಿಲ್ಲ. ಪಕ್ಕದ ಮನೆಯವರು ತಂದುಕೊಡ್ತಾರೆ" ಅಂದೆ. ಅವರು ನಕ್ಕರು. ಆ ಶಿಮೆಕಜಾರಿ ವಾಪಸ್ ಕೊಟ್ಟು, "ನಿಮ್ಮ ಬಾಗಿಲಿಗೆ ಎರಡೂ ಕಟ್ಟಿ, ಈ ವರ್ಷ ನಿಮಗೆ ಡಬಲ್" ಅಂದರು.

ಬಾಯಲ್ಲಿ ಹೇಳಿದ ಮೇಲೆ ಮಾಡದಿದ್ದರೆ ಹೇಗೆ? 31ರ ಬೆಳಗ್ಗೆ ಮೆಟ್ರೋದಲ್ಲಿ ಒಂದು ಸ್ಟೇಷನ್ ಆಚೆ, ನಿಶಿ ಕಸಾಯಿಗೆ ಹೋದೆ. ನಾನಿರೋದು ಕಸಾಯಿಯಲ್ಲಿ. ತೋಝಾಯಿ ಲೈನ್ ಹೆಸರಿಗೆ ಸುರಂಗದ ರೈಲು, ನಮ್ಮ ಕಡೆ ಸೇತುವೆ ಮೇಲೆ ಓಡುತ್ತೆ. 2000ನೇ ಇಸವಿಯ ಕಂಪ್ಯೂಟರ್ ತೊಂದರೆ ಸರಿಮಾಡಲು ಬಂದ ನಮ್ಮ ದೇಶದ ಎಂಜಿನಿಯರುಗಳು, ಓತೆಮಾಚಿ ಕಡೆಯ ಆಫೀಸುಗಳಿಗೆ ನೇರ ರೈಲಿದೆ ಅಂತ ಈ ನದಿ ಆಚೆ ದಡದಲ್ಲಿ ಮನೆ ಮಾಡಿದರು. ಜಾಮೀನು ಕೇಳದ ಬಾಡಿಗೆ ಮನೆಗಳೂ ಸಿಕ್ಕವು. ಅವರ ಪುಣ್ಯದಿಂದ ಇವತ್ತು ನನಗೆ ರವೆ, ಕರಿಬೇವು, ಏಲಕ್ಕಿ ಎಲ್ಲ ಸಿಗುತ್ತೆ. ಕೈಯಲ್ಲಿ ಇದ್ದ ನೋಟು ಅಲ್ಲೇ ಮುಗಿಯಿತು. ನನ್ನ ಬ್ಯಾಂಕಿನ ಎಟಿಎಂ ಮುಂದೆ ಹೋದರೆ ಅದಕ್ಕೂ ರಜೆ.

ರಾತ್ರಿ ಸೋಬಾ. ವರ್ಷ ದಾಟುವ ಮುಂಚೆ ಈ ಉದ್ದನೆಯ ಶಾವಿಗೆಯನ್ನು ತಿನ್ನಬೇಕು. ಉದ್ದವಾಗಿದೆ, ಆಯಸ್ಸಿಗೆ ಒಳ್ಳೇದು. ಬೇಗ ತುಂಡಾಗುತ್ತೆ, ಹಳೇ ವರ್ಷದ ಕಷ್ಟವೂ ಹಾಗೇ ಕಡಿದುಹೋಗಲಿ. ಒಂದೇ ಶಾವಿಗೆಗೆ ಎರಡು ತದ್ವಿರುದ್ಧ ಕಾರಣ, ನನಗೆ ಇದು ಇಷ್ಟ. ಅದರ ಸಾರಿನಲ್ಲಿ ಮಾತ್ರ ಒಣಮೀನು ಇದ್ದೇ ಇರುತ್ತೆ ಅನ್ನಿ. ಹಾಗಾಗಿ ಬೇಯಿಸಿ ಬಸಿದು, ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ನಿಂಬೆಹಣ್ಣು. ಚಿತ್ರಾನ್ನದ ಒಗ್ಗರಣೆ. ಅಂದರೆ ತೊಳೆದಿಟ್ಟ ಫ್ಯಾನಿಗೆ ಮತ್ತೆ ಜಿಡ್ಡು.

ಕೆಳಗಿನಿಂದ ಅಜ್ಜಿ ಮನೆ ಟಿವಿ ಕೇಳುತ್ತಿತ್ತು. ವರ್ಷದ ಕೊನೆ ರಾತ್ರಿ ಎನ್‌ಎಚ್‌ಕೆಯಲ್ಲಿ ಹಾಡಿನ ಪಂದ್ಯ, ಹೆಂಗಸರದು ಕೆಂಪು ತಂಡ, ಗಂಡಸರದು ಬಿಳಿ. 1951ರಲ್ಲಿ ರೇಡಿಯೊದಲ್ಲಿ ಶುರುವಾದದ್ದು. ಹನ್ನೊಂದೂ ಮುಕ್ಕಾಲಿಗೆ ಚಪ್ಪಾಳೆ ನಿಂತಿತು. ನಾನು ಜಾಕೆಟ್ ಏರಿಸಿಕೊಂಡು ಹತ್ತಿರದ ಬುದ್ಧ ದೇವಸ್ಥಾನಕ್ಕೆ ನಡೆದೆ. 108 ಸಲ ಗಂಟೆ ಹೊಡೆಯುತ್ತಾರೆ, ಮನುಷ್ಯನ 108 ಆಸೆ ಕ್ಲೇಶಗಳಿಗೆ. ಅಷ್ಟೋತ್ತರ ಕೇಳಿ ಬೆಳೆದವನಿಗೆ ಈ ಸಂಖ್ಯೆ ವಿವರಿಸಬೇಕಿಲ್ಲ. ಗದ್ದಲ ಅಂತ ದೂರು ಬಂದು ಕೆಲವು ಕಡೆ ಗಂಟೆಯನ್ನು ಮಧ್ಯಾಹ್ನಕ್ಕೆ ಹಾಕಿದ್ದಾರೆ, ನಮ್ಮಲ್ಲಿ ಇನ್ನೂ ರಾತ್ರಿಯೇ. ಸಾಲಿನಲ್ಲಿ ನಿಂತವರಿಗೂ ಹೊಡೆಯಲು ಬಿಡುತ್ತಾರೆ. ತೂಗುಹಾಕಿದ ಮರದ ದಿಮ್ಮಿಯನ್ನು ಹಗ್ಗ ಹಿಡಿದು ಹಿಂದಕ್ಕೆ ಎಳೆದು ಬಿಟ್ಟೆ. ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಪಕ್ಕದಲ್ಲಿ ನಿಂತಿದ್ದವರು ಚೀಟಿಯಲ್ಲಿ ಒಂದು ಗೆರೆ ಎಳೆದುಕೊಂಡರು.

ಮನೆಗೆ ಬಂದು ಮೈಸೂರಿಗೆ ವಿಡಿಯೊ ಕಾಲ್. ಇಲ್ಲಿ ಹನ್ನೆರಡೂವರೆ, ಅಲ್ಲಿ ಇನ್ನೂ ರಾತ್ರಿ ಒಂಬತ್ತು. ಹಳೇ ವರ್ಷವೇ. "ಹೊಸವರ್ಷ ಹೇಗಿದೆ ಅಪ್ಪ?" ಅಂತ ಮಗಳು ಕೇಳಿದಳು, ಅದೇನೋ ಬೇರೆ ಊರು ಅನ್ನೋ ಹಾಗೆ. ಹೆಂಡತಿಗೆ ಅಂಥ ಪ್ರಶ್ನೆ ಇಲ್ಲ.

"ರೀ, ಕಾಯಿತುರಿ ಖಾಲಿ ಮಾಡಿದ್ರಾ? ಎಷ್ಟಿದೆ ತೋರಿಸಿ."

ಫೋನ್ ಹಿಡಿದೇ ಫ್ರೀಜರ್ ತೆಗೆದುಬಿಟ್ಟೆ.

"ಅದೇನ್ರೀ ಪೇಪರಿನಲ್ಲಿ? ಪಕ್ಕದಲ್ಲಿ?"

"ಅದು... ಬದನೆಕಾಯಿ ಪಲ್ಯ."

"ನಾನು ಬರೋ ಮುಂಚೆ ಮಾಡಿದ್ದಾ? ಇನ್ನೂ ಇಟ್ಕೊಂಡಿದ್ದೀರಾ? ಕಸಕ್ಕೆ ಹಾಕೋದಲ್ವಾ!"

ಹಾಕಿದ್ದೀನಿ ಅಂತ ಹೇಳೋ ಧೈರ್ಯ ಬರಲಿಲ್ಲ.

ಒಂದನೇ ತಾರೀಖು ಊರಿಗೆ ಊರೇ ಮಲಗಿತ್ತು. ಸೂಪರ್‌ಮಾರ್ಕೆಟ್ ಶಟರ್ ಇಳಿದಿತ್ತು, ರಸ್ತೆಯಲ್ಲಿ ಪೋಸ್ಟಿನವನ ಕೆಂಪು ಗಾಡಿ ಒಂದೇ. ಹೊಸವರ್ಷದ ಕಾರ್ಡುಗಳನ್ನೆಲ್ಲ ತಡೆದಿಟ್ಟು ಈವತ್ತೇ ಹಂಚುತ್ತಾರೆ. ನನಗೆ ಬಂದದ್ದು ಒಂದು, ಹಲ್ಲಿನ ಕ್ಲಿನಿಕ್ಕಿನಿಂದ. ಅಜ್ಜಿಯ ಪೆಟ್ಟಿಗೆ ಮುಂದೆ ಗಾಡಿ ನಿಲ್ಲಲಿಲ್ಲ.

ಕೇಸರಿಬಾತ್ ಮಾಡಿ ಡಬ್ಬಿಗೆ ಹಾಕಿಕೊಂಡು ಕೆಳಗಿಳಿದೆ. ಮೆಟ್ಟಿಲಲ್ಲಿ ಬಾಯಿಪಾಠ ಮಾಡಿಕೊಂಡೆ, ಓಮೆದೆತೋ ಬೇಡ, ಓಮೆದೆತೋ ಬೇಡ. ಬಾಗಿಲು ತೆರೆಯಿತು. "ಕೊತೋಶಿ ಮೋ ಯೊರೊಶಿಕು" ಅಂದೆ, ಈ ವರ್ಷವೂ ನಮ್ಮ ಮೇಲೆ ನಿಮ್ಮ ದಯೆ ಇರಲಿ ಅಂತ. ಅದಕ್ಕೆ ದೋಷ ಇಲ್ಲ. ಅಜ್ಜಿ ಡಬ್ಬಿ ಮುಚ್ಚಳ ತೆಗೆದು, ಕೇಸರಿ ಬಣ್ಣ ನೋಡಿ, "ಇದು ಕರೀನಾ?" ಅಂದರು. ಸಿಹಿ ಅಂದೆ. ಒಳಗೆ ಗಂಡನ ಫೋಟೊ ಇಟ್ಟ ಗೂಡು ಕಾಣುತ್ತಿತ್ತು. ಡಬ್ಬಿಯನ್ನು ಮೊದಲು ಅಲ್ಲಿಗೇ ತೆಗೆದುಕೊಂಡು ಹೋದರು.

ಮಾರನೇ ದಿನ ಡಬ್ಬಿ ನಮ್ಮ ಬಾಗಿಲ ಹಿಡಿಗೆ ತೂಗುತ್ತಿತ್ತು, ಚೀಲದಲ್ಲಿ. ತೊಳೆದಿತ್ತು, ಖಾಲಿ ಇರಲಿಲ್ಲ. ನಾಲ್ಕು ಕಿತ್ತಳೆ. ಕೊಟ್ಟ ಪಾತ್ರೆ ಬರಿದಾಗಿ ಕಳಿಸಬಾರದು ಅಂತ ಅಮ್ಮ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಿದ್ದಳು.

6ನೇ ತಾರೀಖು ಏಳೂವರೆಗೇ ಇಳಿದೆ. ಬೆಳಕು ಚುರುಕಾಗಿತ್ತು, ಚಳಿಯೂ. ಬೀದಿಯ ಅರ್ಧ ಜನ ಅಲ್ಲಿದ್ದರು, ಒಬ್ಬೊಬ್ಬರ ಕೈಯಲ್ಲೂ ಮೂರು ಮೂರು ಕವರ್. ಯಾರೂ ಯಾರ ಕವರೂ ನೋಡದ ಹಾಗೆ ನಿಂತಿದ್ದರು. ಅಜ್ಜಿ ಬಲೆಯ ಅಂಚು ಎತ್ತಿ ಹಿಡಿದಿದ್ದರು. ನಾನು ನನ್ನದನ್ನು ಕೆಳಗೆ ಬಿಟ್ಟೆ. ಕಲ್ಲು ಬಿದ್ದ ಹಾಗೆ ಠಣ್ ಅಂತು. ಅಜ್ಜಿಯದೂ ಠಣ್ ಅಂತು.