ಕಕ್ಕಡದ ಮಳೆಯಲ್ಲಿ ವಾರಕ್ಕೆರಡು ಸ್ನಾನ

ಮನೆಮನೆಗೆ ಹೋಗಿ ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಬಾಚಿ, ಉಗುರು ಕತ್ತರಿಸುವುದು ನನ್ನ ಕೆಲಸ. ಕೊಡಗಿನ ಸುಂಟಿಕೊಪ್ಪದ ಬಳಿಯ ತೋಟದ ಮನೆಯೊಂದರಲ್ಲಿ ನಾನು ಮಾಡಿದ ತಪ್ಪು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅಲ್ಲಿದ್ದುದು 34 ಕಿಲೋ ತೂಕದ ಗೋಲ್ಡನ್ ರಿಟ್ರೀವರ್. ಆ ಮನೆಯ ಹುಡುಗಿ ಅದನ್ನು ತಬ್ಬಿಕೊಂಡರೆ ಸಾಕು, ಕಣ್ಣು ಕೆಂಪಾಗಿ ಸೀನು ಹತ್ತುತ್ತಿತ್ತು; ರಾತ್ರಿ ಉಬ್ಬಸ. “ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ ಅಣ್ಣ. ಕೊಟ್ಟರೆ ಇವಳು ಊಟ ಬಿಡುತ್ತಾಳೆ” ಎಂದರು ತಾಯಿ. ಕೂದಲಿನಿಂದಲೇ ಇಷ್ಟೆಲ್ಲ ಎಂದು ನಂಬಿ ನಾಯಿಯ ಮೈಯನ್ನು ಪೂರ್ತಿ ಬೋಳಿಸಿಬಿಟ್ಟೆ. ಸೀನು ನಿಲ್ಲಲಿಲ್ಲ. ಮತ್ತೆ ಬೆಳೆದ ಕೂದಲು ಒಂದೆಡೆ ಒತ್ತು, ಇನ್ನೊಂದೆಡೆ ವಿರಳ.

ಆಮೇಲೆ ಪಶುವೈದ್ಯರು ತಿಳಿಸಿಕೊಟ್ಟರು: ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲೂ ಚರ್ಮದಿಂದ ಉದುರುವ ಹೊಟ್ಟಿನಲ್ಲೂ ಇರುವ ಪ್ರೋಟೀನ್. ಅವುಗಳಲ್ಲಿ ಮುಖ್ಯವಾದುದರ ಹೆಸರು ಕ್ಯಾನ್ ಎಫ್ 1. ಕೂದಲು ಅದನ್ನು ಹೊತ್ತು ತಿರುಗುತ್ತದೆ, ಅಷ್ಟೆ. ಸ್ನಾನ ಮಾಡಿಸಿದರೆ ಅದು ತಗ್ಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ತಗ್ಗಿದ ಮಟ್ಟವನ್ನು ಉಳಿಸಿಕೊಳ್ಳಲು ವಾರಕ್ಕೆ ಎರಡು ಸಲ ತೊಳೆಯಬೇಕೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ತಿಂಗಳಿಗೊಮ್ಮೆ ಮಾಡಿಸುವ ಸ್ನಾನದಿಂದ ನಾಯಿ ಚೊಕ್ಕಟವಾಗುತ್ತದೆ, ಮಗುವಿಗೆ ಪ್ರಯೋಜನವಿಲ್ಲ.

ಕೊಡಗಿನ ಮಳೆಗಾಲದಲ್ಲಿ ವಾರಕ್ಕೆರಡು ಸ್ನಾನವೆಂದರೆ ಹೇಳಿದಷ್ಟು ಸುಲಭವಲ್ಲ. ಹಂಡೆಯಲ್ಲಿ ಬಿಸಿನೀರಿಗೆ ಕೊರತೆಯಿಲ್ಲ, ಉಗುರುಬೆಚ್ಚಗೆ ಬೆರೆಸಿಕೊಂಡರಾಯಿತು. ಶಾಂಪೂ ಮಾತ್ರ ನಾಯಿಗೆಂದೇ ತಯಾರಿಸಿದ ಸೌಮ್ಯವಾದದ್ದೇ ಆಗಬೇಕು. ನಮ್ಮ ಚರ್ಮದಷ್ಟು ಆಮ್ಲೀಯವಲ್ಲ ಅದರ ಚರ್ಮ. ಕಷ್ಟವಿರುವುದು ಒಣಗಿಸುವುದರಲ್ಲಿ. ಈ ತಳಿಗೆ ಎರಡು ಪದರ ಕೂದಲು. ಮೇಲಿನದು ಒಣಗಿ ಹೊಳೆಯುತ್ತಿದ್ದರೂ ಒಳಗಿನ ತುಪ್ಪಳ ಒದ್ದೆಯಾಗಿಯೇ ಇರುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬಿಸಿಲೆಂಬುದೇ ಇಲ್ಲ, ಹಾಸಿದ ಬಟ್ಟೆಯೂ ಮುಗ್ಗಲು ನಾರುತ್ತದೆ. ಆ ವರ್ಷ ಅವಸರದಲ್ಲಿ ಹಾಗೆಯೇ ಬಿಟ್ಟು ಬಂದೆ. ಕಿವಿಯ ಹಿಂದೆ ರಸ ಜಿನುಗುವ ಕೆಂಪು ಹುಣ್ಣಾಯಿತು. ಮೂಕಪ್ರಾಣಿ ಕೆರೆದುಕೊಂಡು ನರಳಿದ್ದು ನನ್ನ ಅವಸರದಿಂದ.

ಈಗ ಸ್ನಾನಕ್ಕೆ ಹಿಡಿಯುವ ಹೊತ್ತಿಗಿಂತ ಹೆಚ್ಚು ಹೊತ್ತು ಒಣಗಿಸುವುದಕ್ಕೇ ಕೊಡುತ್ತೇನೆ. ಮೊದಲು ಟವೆಲ್‌ನಿಂದ ಒತ್ತಿ ನೀರು ತೆಗೆಯುತ್ತೇನೆ, ಉಜ್ಜುವುದಿಲ್ಲ. ಉಜ್ಜಿದರೆ ಗಂಟು ಕಟ್ಟುತ್ತದೆ. ಬಳಿಕ ಹೆಚ್ಚು ಬಿಸಿಯಿಲ್ಲದ ಗಾಳಿ ಬಿಡುತ್ತ ಬುಡದವರೆಗೆ ಬಾಚುತ್ತೇನೆ. ಕಂಕುಳು, ಕಿವಿಯ ಹಿಂಭಾಗ, ಬಾಲದ ಬುಡದಲ್ಲಿ ಕೂದಲು ಬಿಡಿಸಿ ಚರ್ಮವನ್ನೇ ಮುಟ್ಟಿ ನೋಡುತ್ತೇನೆ. ಅಲ್ಲಿ ತಂಪು ತಗುಲಿದರೆ ಕೆಲಸ ಮುಗಿದಿಲ್ಲ. ಉಣ್ಣಿ ಹತ್ತಿದ್ದರೆ ಸಿಕ್ಕಿಬೀಳುವುದೂ ಆಗಲೇ.

ಬಾಚುವುದು ಕಣದ ಪಕ್ಕದ ಶೆಡ್ಡಿನಲ್ಲಿ, ಮನೆಯೊಳಗಲ್ಲ. ವಾರದ ಎರಡನೆಯ ಸ್ನಾನ ಮಾಡಿಸುವುದು ಹುಡುಗಿಯ ತಂದೆ, ಅವರಿಗೆ ಅಲರ್ಜಿಯಿಲ್ಲ. ಮಲಗುವ ಕೋಣೆಗೆ ನಾಯಿಗೆ ಪ್ರವೇಶವಿಲ್ಲ. ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಕೂಡದೆಂದು ಹೋದಾಗಲೆಲ್ಲ ಹೇಳುತ್ತೇನೆ. ನನ್ನ ಬಾಚಣಿಗೆ ಔಷಧಿಯಲ್ಲ. ಸೀನು ಪೂರ್ತಿ ಹೋಗಿಲ್ಲ, ಆದರೆ ರಾತ್ರಿಯ ಉಬ್ಬಸ ಕಡಿಮೆಯಾಗಿದೆ ಎನ್ನುತ್ತಾರೆ ತಾಯಿ.

ಕಳೆದ ವಾರ ಶೆಡ್ಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಹುಡುಗಿ ಅಡುಗೆಮನೆಯ ಬಾಗಿಲಲ್ಲೇ ನಿಂತು, “ಒಣಗಿತೇ ಅಣ್ಣ?” ಎಂದು ಮೂರು ಸಲ ಕೇಳಿದಳು. ಕಂಕುಳಲ್ಲಿ ಇನ್ನೂ ತಂಪಿತ್ತು. ಇನ್ನೂ ಸ್ವಲ್ಪ ತಡಿಯಮ್ಮ ಎಂದೆ.