ಹೊಸ ಪಿಸಿ ದಿಢೀರನೆ ಆಫ್ ಆಗುತ್ತಿದ್ದುದೇಕೆ?

ತಮ್ಮನ ಅನಿಮೇಶನ್ ಕೆಲಸಕ್ಕೆಂದು ನಾವಿಬ್ಬರೂ ಸೇರಿ ಅಸೆಂಬಲ್ ಮಾಡಿದ ಪಿಸಿ ಶುರುವಿನಲ್ಲಿ ಚೆನ್ನಾಗಿಯೇ ಓಡಿತು. ಆಮೇಲೆ ಕಾಟ ಶುರುವಾಯಿತು. ಬ್ಲೆಂಡರ್ ಅನ್ನುವ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಕೊಟ್ಟರೆ (ಅಂದರೆ ದೃಶ್ಯಗಳನ್ನು ಅಂತಿಮ ಚಿತ್ರವಾಗಿ ಮೂಡಿಸಲು ಹೇಳಿದರೆ) ಕೆಲವೊಮ್ಮೆ ಪಟ್ಟನೆ ಆಫ್. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಫ್ಯಾನು ಲೈಟು ಎಲ್ಲಾ ಒಟ್ಟಿಗೇ ಬಂದ್. ಬಟನ್ ಒತ್ತಿದರೂ ಏಳುತ್ತಿರಲಿಲ್ಲ. ಪಿಸಿಗೆ ಕರೆಂಟ್ ಕೊಡುವ ಬಾಕ್ಸ್, ಅಂದರೆ ಪವರ್ ಸಪ್ಲೈ, ಅದರ ಹಿಂದಿನ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮಾತ್ರ ಆನ್ ಆಗುತ್ತಿತ್ತು.

ನನ್ನ ಗಮನ ಸೆಳೆದದ್ದು ಈ ಕೊನೆಯ ಲಕ್ಷಣ. ಕರೆಂಟ್ ಮಿತಿ ಮೀರಿದರೆ ಪವರ್ ಸಪ್ಲೈ ತಾನೇ ಔಟ್‌ಪುಟ್ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಸ್ವಿಚ್ ಆರಿಸಿ ಹಾಕುವವರೆಗೂ ಅದು ಹಾಗೇ ಲಾಕ್ ಆಗಿರುತ್ತದೆ. ಆದರೆ ಎಲ್ಲೋ ಶಾರ್ಟ್ ಆದರೂ ಹೀಗೇ ಆಗಬಹುದು, ಅಲ್ವಾ? ಅದಕ್ಕೇ ಮದರ್‌ಬೋರ್ಡ್ ಬಿಚ್ಚಿ ಅದರ ಕೆಳಗೆ ಸ್ಕ್ರೂ ಏನಾದರೂ ಬಿದ್ದಿದೆಯಾ ಅಂತ ನೋಡಿದೆವು. ಏನೂ ಇರಲಿಲ್ಲ. ಮೆಮೊರಿ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ ರ‍್ಯಾಮನ್ನು ಮಾಮೂಲಿ ವೇಗಕ್ಕೆ ಇಳಿಸಿದೆವು. ವ್ಯತ್ಯಾಸ ಆಗಲಿಲ್ಲ.

ವಿಂಡೋಸ್ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅನ್ನುವ ನಮೂದು ಕಾಣಿಸಿತು. ಇದು ಕಾರಣವನ್ನು ಹೇಳುವುದಿಲ್ಲ. ಹಿಂದಿನ ಸಲ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ತಿಳಿಸುತ್ತದೆ, ಅಷ್ಟೇ. ಬಿಸಿಯನ್ನು ಗಮನಿಸಲು ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ಲಾಗ್ ಬರೆಸಿದೆ. ಆಫ್ ಆಗುವ ಮುಂಚಿನ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 71 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 64. ಇದೇನೂ ಜಾಸ್ತಿ ಅಲ್ಲ.

ತಲೆ ತಿಂದದ್ದು ಒಂದೇ ವಿಷಯ. ಪಿಸಿಯನ್ನು ಒಂದೇ ಸಮನೆ ದುಡಿಸಿ ನೋಡುವ ಸ್ಟ್ರೆಸ್ ಟೆಸ್ಟ್ ಎಷ್ಟು ಹೊತ್ತು ಓಡಿಸಿದರೂ ಆಫ್ ಆಗುತ್ತಿರಲಿಲ್ಲ. ರೆಂಡರ್ ಶುರುವಾಗುವ ಕ್ಷಣದಲ್ಲೇ ಆಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನೆ ದುಡಿಯುವಾಗ ಎಳೆಯುವ ಕರೆಂಟ್ ಬೇರೆ, ಸುಮ್ನೆ ಇದ್ದದ್ದು ಏಕಾಏಕಿ ಎದ್ದಾಗ ಎಳೆಯುವುದು ಬೇರೆ. ಆ ಏರಿಕೆ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಸೆಕೆಂಡಿಗೊಮ್ಮೆ ಅಳೆಯುವ ಸಾಫ್ಟ್‌ವೇರ್ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ ಪವರ್ ಸಪ್ಲೈ ಅದನ್ನು ಕಂಡು ಬೆಚ್ಚಿಬೀಳುತ್ತದೆ. 2022ರಲ್ಲಿ ಬಂದ, ಪವರ್ ಸಪ್ಲೈಗಳ ಎಟಿಎಕ್ಸ್ 3.0 ಮಾನದಂಡ ಇದನ್ನು ಗಣನೆಗೆ ತೆಗೆದುಕೊಂಡಿದೆ. ಹೊಸ 16 ಪಿನ್ ಕನೆಕ್ಟರ್ ಇರುವ ದೊಡ್ಡ ಸಪ್ಲೈಗಳು ತಮ್ಮ ರೇಟಿಂಗ್‌ನ ಎರಡು ಪಟ್ಟು ಪವರ್ ಅನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು. ನಮ್ಮದು ಅದಕ್ಕಿಂತ ಹಳೆಯ ಮಾದರಿ.

ಅನುಮಾನ ಖಚಿತ ಮಾಡಿಕೊಳ್ಳಲು ಕಾರ್ಡಿನ ಪವರ್ ಲಿಮಿಟ್ ಅನ್ನು ಶೇಕಡಾ 70ಕ್ಕೆ ಇಳಿಸಿದೆ. ರಾತ್ರಿಯಿಡೀ ರೆಂಡರ್ ಓಡಿತು. ಮತ್ತೆ 100ಕ್ಕೆ ಏರಿಸಿದೆ, ಆಫ್! ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ಎಲ್ಲರೂ ಮೊದಲೇ ಮಾಡಬೇಕು ಅನ್ನುತ್ತೇನೆ. ಒಂದೇ ಕೇಬಲ್‌ನ ಎರಡು ತಲೆಗಳನ್ನು ಕಾರ್ಡಿಗೆ ಚುಚ್ಚಿದ್ದೆವು. ಅದನ್ನು ತೆಗೆದು ಎರಡು ಬೇರೆ ಕೇಬಲ್ ಹಾಕಿದಾಗ ಕಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ಎಟಿಎಕ್ಸ್ 3.0 ಸಪ್ಲೈ ತಂದೆವು.

"ಅಕ್ಕಾ, ಹಳೇ ಕೇಬಲ್ ಹಾಗೇ ಇರಲಿ, ಬಾಕ್ಸ್ ಮಾತ್ರ ಬದಲಿಸೋಣ" ಅಂದ ತಮ್ಮ. ನಾನು ಒಪ್ಪಲಿಲ್ಲ. ಸಪ್ಲೈ ಕಡೆಯ ಪಿನ್‌ಗಳ ಜೋಡಣೆ ಮಾದರಿಯಿಂದ ಮಾದರಿಗೆ ಬೇರೆ ಇರುತ್ತದೆ. ಪ್ಲಗ್ ಸರಿಯಾಗಿ ಕೂತರೂ ತಪ್ಪು ವೋಲ್ಟೇಜ್ ಹೋಗಿ ಡ್ರೈವ್, ಬೋರ್ಡ್ ಸುಟ್ಟುಹೋಗಬಹುದು. ಒಂದೊಂದು ಕೇಬಲನ್ನೂ ಬಿಚ್ಚಿ ಹೊಸದನ್ನೇ ಹಾಕಿದೆವು.