2050ಕ್ಕೆ ನಾನಿರಲ್ಲಪ್ಪ, ನೀನಿರ್ತೀಯ

ಮೊನ್ನೆ ಭಾನುವಾರ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಹವಾಮಾನ ಬದಲಾವಣೆ ಬಗ್ಗೆ ಉಪನ್ಯಾಸವಿತ್ತು. ಮಾತಾಡಿದವನು ಇನ್ನೂ ಮೂವತ್ತು ದಾಟದ ಹುಡುಗ. ಚೆನ್ನಾಗಿ ಓದಿಕೊಂಡಿದ್ದ, ಮಾತೂ ಸ್ಪಷ್ಟವಾಗಿತ್ತು. ಕೊನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಎದ್ದು ನಿಂತರು. ಕೈಯಲ್ಲಿ ಹಳೆಯ ನೋಟ್‌ಬುಕ್. ಮದುವೆಯಾದ ವರ್ಷದಿಂದ ಅದರಲ್ಲಿ ಬರೆಯುತ್ತಾ ಬಂದಿದ್ದಾರಂತೆ. ಮೊದಲ ಮಳೆ ಬಿದ್ದ ದಿನ, ಮನೆ ಮುಂದಿನ ಮರ ಹೂ ಬಿಟ್ಟ ದಿನ, ಸೆಕೆಗೆ ನಿದ್ದೆ ಬಾರದ ರಾತ್ರಿಗಳು.

ನಾಲ್ಕು ಸಾಲು ಓದುವಷ್ಟರಲ್ಲಿ ಆಯೋಜಕರು, "ಅಮ್ಮ, ಪ್ರಶ್ನೆ ಇದ್ರೆ ಕೇಳಿ" ಎಂದರು. ಇವರು ಎಲ್ಲ ಕಾರ್ಯಕ್ರಮದಲ್ಲೂ ಹೀಗೇ. ವೇದಿಕೆ ಮೇಲಿದ್ದವರು ಅರ್ಧ ಗಂಟೆ ಜಾಸ್ತಿ ಮಾತಾಡಿದರೂ ಗಡಿಯಾರ ನೋಡುವುದಿಲ್ಲ. ಅಜ್ಜಿ ಕೇಳಿದರು: "ಇದನ್ನೆಲ್ಲ ಇವತ್ತೇ ನಿಲ್ಲಿಸೋಕೆ ಏನಡ್ಡಿ?" ಹುಡುಗ ನಕ್ಕ. "ಅಜ್ಜಿ, ನಿಮಗೆ ಯಾಕಿಷ್ಟು ಅವಸರ? ಇಂಗಾಲ ಬಿಡೋದನ್ನ 2050ಕ್ಕೆ ಲೆಕ್ಕದಲ್ಲಿ ಸೊನ್ನೆಗೆ ತರ್ತೀವಿ ಅಂತ ಎಷ್ಟೋ ದೇಶಗಳು ಗುರಿ ಇಟ್ಟಿವೆಯಲ್ಲ."

"2050ಕ್ಕೆ ನಾನಿರಲ್ಲಪ್ಪ. ನೀನಿರ್ತೀಯ. ಅದಕ್ಕೇ ಅವಸರ."

ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನನಗೆ ಸರಿಬರಲಿಲ್ಲ. ಅಜ್ಜಿ ಹೇಳಿದ್ದು ಚಂದದ ಡೈಲಾಗ್ ಅಲ್ಲ. ಕೇಳಿದ ಪ್ರಶ್ನೆಗೆ ಅವರಿಗೆ ಉತ್ತರ ಬೇಕಿತ್ತು. ಉತ್ತರ ಬರಲಿಲ್ಲ, ವಂದನಾರ್ಪಣೆ ಶುರುವಾಯಿತು.

ಆ ಹುಡುಗ ಕೆಟ್ಟವನಲ್ಲ. ಆದರೆ ಅವನ ನಗು ಪದೇ ಪದೇ ನೆನಪಾಗುತ್ತಿದೆ. ವಯಸ್ಸಾದವರು 'ಮೊದಲೆಲ್ಲ ಹೀಗಿರಲಿಲ್ಲ' ಅಂದ ಕೂಡಲೇ ಅದು ಹಳೆಯ ಕಾಲದ ಹಂಬಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಅವರ ಕೈಯಲ್ಲಿ ಇಸವಿ, ತಿಂಗಳು, ತಾರೀಖು ಎಲ್ಲ ಇದ್ದರೂ ಅಷ್ಟೇ.

ಜಪಾನಿನ ಸುವಾ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ದಿನವನ್ನು ಅಲ್ಲಿನ ಗುಡಿಯ ಅರ್ಚಕರು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ಅವರೇನೂ ವಿಜ್ಞಾನಕ್ಕಾಗಿ ಬರೆದವರಲ್ಲ. ದೇವರ ಕೆಲಸ ಅಂತ ಬರೆದರು, ಮುಂದಿನ ತಲೆಮಾರಿಗೆ ಒಪ್ಪಿಸಿದರು. ಹೆಪ್ಪುಗಟ್ಟದ ಚಳಿಗಾಲ ಆಗ ಬಲು ಅಪರೂಪ, ಈಗ ಮಾಮೂಲು. ಇವತ್ತು ವಿಜ್ಞಾನಿಗಳು ಆ ದಾಖಲೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಅಜ್ಜಿಯ ನೋಟ್‌ಬುಕ್ಕಿಗೆ ನಾಲ್ಕು ನಿಮಿಷ ಸಿಗಲಿಲ್ಲ.

ಇದಕ್ಕೊಂದು ಕಾರಣವನ್ನು ಮೀನುಗಳ ಬಗ್ಗೆ ಅಧ್ಯಯನ ಮಾಡುವ ಡೇನಿಯಲ್ ಪಾಲಿ 1995ರಲ್ಲೇ ಹೇಳಿದ್ದರು. ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಸಹಜ ಸ್ಥಿತಿ ಅಂದುಕೊಳ್ಳುತ್ತದೆ, ಅಲ್ಲಿಂದಲೇ ನಷ್ಟದ ಲೆಕ್ಕ ಹಾಕುತ್ತದೆ. ಅದಕ್ಕಿಂತ ಮೊದಲೇ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಆ ಹುಡುಗನ ಲೆಕ್ಕ ಅವನು ಹುಟ್ಟಿದ ಮೇಲೆ ಶುರುವಾಗುತ್ತದೆ, ಅಜ್ಜಿಯದು ಅದಕ್ಕೂ ಐವತ್ತು ವರ್ಷ ಹಿಂದಿನಿಂದ. ಗಾಬರಿ ಯಾರಿಗೆ ಜಾಸ್ತಿ ಆಗಬೇಕು ಹೇಳಿ?

'ಹಾಳು ಮಾಡಿದವರೂ ಹಿರಿಯರೇ ಅಲ್ವಾ' ಅಂತ ಹೊರಗೆ ಬರುವಾಗ ಯಾರೋ ಅಂದರು. ಪೂರ್ತಿ ಸುಳ್ಳಲ್ಲ. ಆದರೆ ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಮನುಷ್ಯರು ಇದುವರೆಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಬಂದದ್ದು 1990ರ ನಂತರ. ಅಂದರೆ ಎಚ್ಚರಿಕೆ ಕೇಳಿದ ಮೇಲೆ. ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಲ್ಲಿನ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುವುದು ಈಗಾಗಲೇ ಶುರುವಾಗಿದೆ ಎಂದದ್ದು 1988ರಲ್ಲಿ. ಆಗ ಅವರಿಗೆ 47 ವರ್ಷ. ಈಗ ಅವರಿಗೂ ಎಂಬತ್ತು ದಾಟಿದೆ, ಇನ್ನೂ ಅದನ್ನೇ ಹೇಳುತ್ತಿದ್ದಾರೆ. ಎಚ್ಚರಿಸಿದವರಿಗೇ ವಯಸ್ಸಾಗಿಹೋಯಿತು.

ಅಜ್ಜಿಯ ಅವಸರ ಬರೀ ಭಾವನೆಯೂ ಅಲ್ಲ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಈ ವರ್ಷದ್ದು ಹೋದ ವರ್ಷದ್ದರ ಮೇಲೆ ಸೇರುತ್ತಲೇ ಹೋಗುತ್ತದೆ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 315 ಭಾಗವಿತ್ತು. ಈಗ 420 ದಾಟಿದೆ. ಹಾಗಾಗಿ 2050ರಲ್ಲಿ ಸೊನ್ನೆ ಮುಟ್ಟಿದರೆ ಸಾಲದು. ಅಲ್ಲಿಯವರೆಗೆ ಪ್ರತಿ ವರ್ಷ ಎಷ್ಟು ಬಿಟ್ಟೆವು ಅನ್ನುವುದೇ ಮುಖ್ಯ. ಇವತ್ತು ಇಳಿಸದೆ ಉಳಿಸಿಕೊಂಡದ್ದನ್ನು ಮುಂದಿನ ವರ್ಷಗಳಲ್ಲಿ ಇನ್ನೂ ಕಡಿದಾಗಿ ಇಳಿಸಬೇಕಾಗುತ್ತದೆ. 'ಇವತ್ತೇ ಏಕಾಗದು' ಅನ್ನುವುದು ಸಭೆಯಲ್ಲಿ ಕೇಳಿದ ಅತ್ಯಂತ ವೈಜ್ಞಾನಿಕ ಪ್ರಶ್ನೆಯಾಗಿತ್ತು.

ಸ್ವಿಟ್ಜರ್ಲೆಂಡಿನ ವಯಸ್ಸಾದ ಹೆಂಗಸರು ಸುಮ್ನೆ ಕೂರಲಿಲ್ಲ. ಬಿಸಿಗಾಳಿಗೆ ಮೊದಲು ಜೀವ ಹೋಗುವುದು ನಮ್ಮಂಥವರದು, ಸರ್ಕಾರ ಸಾಕಷ್ಟು ಮಾಡುತ್ತಿಲ್ಲ ಅಂತ ನ್ಯಾಯಾಲಯ ಹತ್ತಿದರು. ತಮ್ಮ ದೇಶದಲ್ಲಿ ಸೋತರು. ಬಿಡದೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2024ರ ಏಪ್ರಿಲ್‌ನಲ್ಲಿ ಗೆದ್ದರು. ಅವರಲ್ಲಿ ಎಷ್ಟೋ ಜನ ಎಪ್ಪತ್ತು ದಾಟಿದವರು. ಆ ತೀರ್ಪಿನ ಫಲ ಅವರಿಗಿಂತ ಜಾಸ್ತಿ ಸಿಗುವುದು ಅವರ ಮೊಮ್ಮಕ್ಕಳಿಗೆ.

ಮುಂದಿನ ಉಪನ್ಯಾಸಕ್ಕೆ ಆ ಅಜ್ಜಿಯನ್ನೇ ವೇದಿಕೆಗೆ ಕರೆಯಿರಿ ಅಂತ ಆಯೋಜಕರಿಗೆ ಹೇಳಿದ್ದೇನೆ. 'ನೋಡೋಣ' ಎಂದಿದ್ದಾರೆ. ಅವರು ನೋಡುತ್ತಾ ಇರಲಿ. ನಿಮ್ಮ ಮನೆಯಲ್ಲೇ ಎಪ್ಪತ್ತೈದು, ಎಂಬತ್ತು ದಾಟಿದವರು ಇದ್ದರೆ ಈ ವಾರ ಅವರ ಜೊತೆ ಕೂತುಕೊಳ್ಳಿ. ಮಳೆ ಯಾವ ತಿಂಗಳು ಬರುತ್ತಿತ್ತು, ಚಳಿ ಎಷ್ಟು ದಿನ ಇರುತ್ತಿತ್ತು, ಯಾವ ಹಕ್ಕಿ ಈಗ ಕಾಣುವುದಿಲ್ಲ ಅಂತ ಕೇಳಿ ಬರೆದಿಡಿ. ಇಸವಿ ನೆನಪಾಗದಿದ್ದರೆ ಅದು ಯಾರ ಮದುವೆಯಾದ ವರ್ಷ, ಯಾವ ಮಗು ಹುಟ್ಟಿದ ವರ್ಷ ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ.